ಬರಿದು ಇಡಬಾರದು

ಕಳೆದ ವಾರ ಟಿ.ಬಿ. ಡ್ಯಾಮಿನಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬರು ಬಂದು ಕುಳಿತರು. ಡ್ಯಾಮಿನ ಗೇಟುಗಳಿಗೆ ಎಣ್ಣೆ, ಗ್ರೀಸು ಹಾಕುವ ಕೆಲಸದವರಿರಬೇಕು; ಅಂಗಿಯ ಜೇಬಿನಿಂದ ಎಣ್ಣೆಬಟ್ಟೆಯ ತುದಿ ಇಣುಕುತ್ತಿತ್ತು. ತೊಡೆಯ ಮೇಲೆ ಹಬ್ಬಕ್ಕೆಂದು ಕೊಂಡ ಎರಡು ಮಾರು ಚೆಂಡುಹೂವು. ಎಣ್ಣೆಯ ವಾಸನೆ, ಹೂವಿನ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ನನ್ನನ್ನು ನಾನೇ ಬೈದುಕೊಳ್ಳುತ್ತ ಹಿಂದಕ್ಕೆ ನಡೆದು ಬಂದೆ. ಆ ಎರಡು ವಾಸನೆ ಕೂಡಿದರೆ ನನಗೆ ಒಂದೇ ಒಂದು ವರ್ಷ ನೆನಪಾಗುತ್ತದೆ. ಅಪ್ಪ ಇಲ್ಲದ ಮೊದಲ ಆಯುಧಪೂಜೆಯ ವರ್ಷ.

ನಾನು ಬಂದೂಕು ಮಾರುವವಳು. ಹೀಗೆಂದ ಕೂಡಲೇ ಜನ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಸೀರೆ ಉಟ್ಟು ಹೂ ಮುಡಿದವಳ ಬಾಯಲ್ಲಿ ಆ ಮಾತು ಒಪ್ಪುವುದಿಲ್ಲವಂತೆ. ಹೊಸಪೇಟೆಯ ಹಳೆಯ ಬೀದಿಯೊಂದರಲ್ಲಿ, ಹೊಲಿಗೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ನಮ್ಮ ಅಂಗಡಿ ಇದೆ. ನಮ್ಮ ಗಿರಾಕಿಗಳು ಸಿನಿಮಾದಲ್ಲಿ ಕಾಣುವಂಥವರಲ್ಲ. ಕಂಪ್ಲಿಯ ಬಾಳೆ ತೋಟದವರು, ಸಂಡೂರು ಕಡೆಯ ಮೆಕ್ಕೆಜೋಳದವರು, ಬ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು ಕೂಡುವ ಕಾವಲುಗಾರರು. ಕಾಡುಹಂದಿ, ಕರಡಿ ಬೆಳೆಗೆ ಬಂದಾಗ ಹೆದರಿಸಿ ಓಡಿಸಲು ಸರ್ಕಾರ ರೈತರಿಗೆ ಲೈಸೆನ್ಸ್ ಕೊಡುತ್ತದೆ. ಅದನ್ನು ಹಿಡಿದು ಅವರು ನಮ್ಮಲ್ಲಿಗೆ ಬರುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಹೋಗುವುದು ಒಂಟಿ ನಳಿಗೆಯ ಬಂದೂಕು. ಮೇಲಿನ ಸಣ್ಣ ಹಿಡಿ ಸರಿಸಿದರೆ ಅದು ನಡುವಿನಲ್ಲಿ ಬಾಗಿ, ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತದೆ. ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಅಪ್ಪ ‘ನಡ ಮುರಿಯೋದು’ ಅನ್ನುತ್ತಿದ್ದರು. ನಲವತ್ತು ವರ್ಷ ಅವರು ಹೇಳಿದ್ದು ಒಂದೇ ಮಾತು: “ತುಪಾಕಿ ಕೈ ಬದಲಾದಾಗೊಮ್ಮೆ ನಡ ಮುರೀಬೇಕು. ತಂದವ ದೇವರಾದ್ರೂ ಅಷ್ಟ, ನಿಮ್ಮಪ್ಪ ಆದ್ರೂ ಅಷ್ಟ.” ಯಾರೇ ಬಂದು “ಖಾಲಿ ಐತ್ರಿ” ಅಂದರೂ ಅಪ್ಪನ ಕಿವಿ ಕೇಳುತ್ತಿರಲಿಲ್ಲ. ಕಣ್ಣು ಮಾತ್ರ ಕೇಳುತ್ತಿತ್ತು.

ಮನೆಯಲ್ಲಿ ಅವ್ವನ ಶಾಸ್ತ್ರ ಇದಕ್ಕೆ ತದ್ವಿರುದ್ಧ. ಅವ್ವನ ಬಾಯಲ್ಲಿ ಯಾವುದೂ ಖಾಲಿಯಾಗುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ “ಅಕ್ಕಿ ಹೆಚ್ಚಾಗ್ಯಾವ, ತರಬೇಕು” ಅನ್ನುತ್ತಾಳೆ. ಬಳೆ ಒಡೆದರೆ ಬಳೆ ಹೆಚ್ಚಾದವು. ತೊಳೆದ ಕೊಡವನ್ನು ಬರಿದಾಗಿ ಇಡುವುದಿಲ್ಲ, ತಳಕ್ಕೊಂದು ತಂಬಿಗೆ ನೀರು ಇರಲೇಬೇಕು. ನಾನು ಚಿಕ್ಕವಳಿದ್ದಾಗ ಇದನ್ನು ಆಡಿಕೊಂಡು ಪೆಟ್ಟು ತಿಂದಿದ್ದೂ ಉಂಟು.

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಪ್ಪ ಹೋದರು. ಬಂದೂಕಿನ ಅಂಗಡಿ ಮನೆಯ ಹಾಗೆ ತಾನಾಗಿ ಮಕ್ಕಳ ಪಾಲಿಗೆ ಬರುವುದಿಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಪೊಲೀಸರು ವಿಚಾರಿಸಬೇಕು, ಕಬ್ಬಿಣದ ಬಾಗಿಲಿನ ಕೋಣೆಯನ್ನು ಅಧಿಕಾರಿಗಳು ಬಂದು ನೋಡಬೇಕು. ಹನ್ನೆರಡು ವರ್ಷ ಅಪ್ಪನ ಕೈಕೆಳಗೆ ಇದೇ ಕೆಲಸ ಮಾಡಿದ್ದರೂ ನಾನು ಮತ್ತೆ ಮೊದಲ ಕ್ಲಾಸಿನಿಂದ ಶುರುಮಾಡಿದೆ. ಅಪ್ಪನ ತಮ್ಮ, ನನ್ನ ಕಾಕಾ, ಅಂಗಡಿಯ ಕೆಲಸಗಾರರ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದವರು. ಅವರಿಗೆ ಇದು ಬೇಡವಾಗಿತ್ತು.

“ಗಿರಿಜಾ, ಯಾಕ ಬೇಕವಾ ಈ ಬೆಂಕಿ ಕೂಡ ಸರಸ? ಎಲ್ಲಾ ಕೊಟ್ಟುಬಿಟ್ಟು ಪಂಪ್‌ಸೆಟ್ ಅಂಗಡಿ ಹಾಕೋಣು. ಭಾಳ ಛಲೋ ನಡೀತೈತಿ.”

“ಪಂಪ್‌ಸೆಟ್ ನೀವು ಹಾಕ್ರಿ ಕಾಕಾ. ನಾ ಇದನ್ನ ಬಿಡಂಗಿಲ್ಲ,” ಅಂದೆ. ಛಲ ಅಂದರೆ ಛಲ. ಇಡೀ ಪೇಟೆ ‘ಆಕಿ ಕೈಲಿ ಏನಾಗ್ತೈತಿ’ ಅನ್ನುತ್ತಿರುವುದು ನನ್ನ ಕಿವಿಗೂ ಬಿದ್ದಿತ್ತು. ಅವರ ಬಾಯಿ ಮುಚ್ಚಿಸಬೇಕು ಅನ್ನುವ ಹಟವೂ ಇತ್ತು, ಸುಳ್ಳು ಹೇಳುವುದಿಲ್ಲ. ಡ್ಯಾಂ ತುಂಬಿ ಗೇಟು ತೆರೆದ ವಾರವೇ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಕೊಡುವಾಗ ಅಧಿಕಾರಿಗಳು, ದಸರಾ ಆದ ಮೇಲೆ ಯಾವತ್ತಾದರೂ ಬಂದು ದಾಸ್ತಾನು ನೋಡುವುದಾಗಿಯೂ, ಒಂದು ಲೋಪ ಕಂಡರೂ ಕಾಗದ ವಾಪಸ್ ಹೋಗುವುದೆಂದೂ ಹೇಳಿ ಕಳಿಸಿದರು.

ನಾನು ಅಪ್ಪನಿಗಿಂತ ಒಂದು ಗೇಣು ಬಿಗಿಯಾದೆ. ಲೈಸೆನ್ಸಿನಲ್ಲಿರುವ ಮುಖವೇ ಎದುರಿಗೆ ನಿಲ್ಲಬೇಕು. “ಅಣ್ಣಗ ಬಿಡುವಿಲ್ಲ, ನನ್ನ ಕಳಸ್ಯಾನ” ಅಂದವರನ್ನು ಹಾಗೆಯೇ ವಾಪಸ್ ಕಳಿಸಿದೆ. ಯಾವ ಜಾತಿಯ ಬಂದೂಕಿಗೆ ಅನುಮತಿ ಇದೆಯೋ ಅದೇ, ಎಷ್ಟು ತೋಟಾಕ್ಕೆ ಇದೆಯೋ ಅಷ್ಟೇ. ಇಪ್ಪತ್ತೊಂದು ತುಂಬದವರಿಗೆ ಇಲ್ಲ, ಕುಡಿದು ಬಂದವರಿಗೆ ಇಲ್ಲ, ಕಣ್ಣಿನಲ್ಲಿ ಜಗಳ ಹೊತ್ತು ಬಂದವರಿಗೆ ಕಾಗದ ಎಷ್ಟೇ ಸರಿ ಇದ್ದರೂ ಇಲ್ಲ. ಮಾರಿದ ಪ್ರತಿ ಬಂದೂಕಿನ ನಂಬರು ಲೈಸೆನ್ಸಿನ ಮೇಲೆ, ನಮ್ಮ ರಿಜಿಸ್ಟರಿನಲ್ಲಿ, ಠಾಣೆಗೆ ಹೋಗುವ ಕಾಗದದಲ್ಲಿ, ಮೂರೂ ಕಡೆ ಒಂದೇ ಇರಬೇಕು. ಬಂದೂಕು ಒಂದು ಬೀರುವಿನಲ್ಲಿ, ತೋಟಾ ಇನ್ನೊಂದರಲ್ಲಿ. ಎರಡರ ಕೀಲಿಕೈಗಳೂ ಹಗಲೆಲ್ಲ ನನ್ನ ಸೊಂಟದಲ್ಲಿ.

ಆ ಮಳೆಗಾಲದಲ್ಲಿ ನನ್ನ ಬಿಗಿಗೆ ಹೆಚ್ಚು ಸಿಕ್ಕಿಬಿದ್ದವನು ವಡ್ಡು ಗ್ರಾಮದ ಹುಲುಗಪ್ಪ. ಮೂವತ್ತರ ಆಸುಪಾಸಿನ ರೈತ, ಮೂರೆಕರೆ ಮೆಕ್ಕೆಜೋಳ, ನಗುಮುಖ. ಮೊದಲ ಸಲ ಬಂದಾಗ ಲೈಸೆನ್ಸ್ ಬಿಟ್ಟು ಅದರ ಜೆರಾಕ್ಸ್ ತಂದಿದ್ದ. ಎರಡನೇ ಸಲ ಅಸಲಿ ತಂದ; ಅದರಲ್ಲಿ ಅವನ ಊರಿನ ಹೆಸರು ತಪ್ಪಾಗಿತ್ತು. ಜಿಲ್ಲೆ ಎರಡಾದ ಮೇಲೆ ಅವನ ಕಚೇರಿ ಬಳ್ಳಾರಿ, ನಮ್ಮದು ಹೊಸಪೇಟೆ; ತಿದ್ದುಪಡಿಗೆ ಅಲ್ಲಿಗೆ ಹೋಗಿ, ಸಹಿಗೆ ಕಾದು, ಮೂರನೇ ಸಲ ಬಂದ. ಆಗ ಒಂದು ಬಂದೂಕು ಆರಿಸಿಕೊಂಡ. ನಾನು ಎರಡೂ ಕಚೇರಿಗೆ ಕೇಳಿ ಖಾತ್ರಿ ಮಾಡಿಕೊಳ್ಳದೆ ಕೊಡುವುದಿಲ್ಲ ಅಂದೆ.

“ಅಕ್ಕಾರ, ನೀವು ತುಪಾಕಿ ಮಾರ್ತೀರೋ, ಹೆಣ್ಣು ಕೊಡ್ತೀರೋ? ನಮ್ಮ ಮಾವ ಸೈತ ಇಷ್ಟು ವಿಚಾರಿಸಿರಲಿಲ್ಲ ನೋಡ್ರಿ.”

“ಹೆಣ್ಣು ತಪ್ಪಿದ್ರ ತವರಿಗೆ ಬರ್ತಾಳ. ಇದು ತಪ್ಪಿದ್ರ ಎಲ್ಲಿ ಬರ್ತೈತೋ ಗೊತ್ತಿಲ್ಲ. ದಸಮಿ ಮರುದಿನ ಬಾ, ಕೊಡ್ತೀನಿ.”

“ಹಂದಿಗೆ ಹೇಳ್ರಿ ಅದನ್ನ, ದಸಮಿ ಮಟ ಉಪಾಸ ಇರು ಅಂತ,” ಅನ್ನುತ್ತ ಹೋದ. ತೆನೆ ಹಾಲುಗಟ್ಟುವ ಹೊತ್ತು ಅದು. ಅವನ ನಗೆಯ ಹಿಂದಿನ ಸಂಕಟ ನನಗೆ ಗೊತ್ತಿರಲಿಲ್ಲ ಅಂತಲ್ಲ.

ಮಹಾನವಮಿ ಬಂತು. ಅಪ್ಪ ಇದ್ದಾಗ ಅಂಗಡಿಯ ಪೂಜೆ ಅವರದೇ. ಆ ವರ್ಷ ಅವ್ವ ತಾನೇ ಮಾಡುತ್ತೇನೆಂದು ಬೆಳಿಗ್ಗೆಯೇ ಬಂದಳು. ಬೀರುಗಳನ್ನು ಒರೆಸಿದಳು, ಬಂದೂಕುಗಳಿಗೆ ಅಪ್ಪ ಹಚ್ಚುತ್ತಿದ್ದ ರಂಗೂನ್ ಎಣ್ಣೆಯನ್ನೇ ಹಚ್ಚಿದಳು. ಎಣ್ಣೆ ಒರೆಸುವಾಗ ಅವಳ ಕೈ ಎಷ್ಟು ಹೊತ್ತು ಒಂದೇ ಕಡೆ ಓಡಾಡುತ್ತಿತ್ತು ಅಂದರೆ, ನನಗೆ ನೋಡಲಾಗದೆ ಹೊರಗೆ ಬಂದುಬಿಟ್ಟೆ. ಅಷ್ಟರಲ್ಲಿ ಕುಂಬಳಕಾಯಿಯವನು ಬಂದ. ಅವನ ಜೊತೆ ಚೌಕಾಸಿ ಮಾಡುತ್ತಿದ್ದಾಗ ಅವ್ವ ಒಳಗಿನಿಂದ ಕೂಗಿದಳು: “ಕೀಲಿಕೈ ಕೊಡವಾ, ಆ ಇನ್ನೊಂದು ಬೀರುಕ್ಕೂ ಒಳಗ ಅರಿಷಿಣ ಕುಂಕುಮ ಹಚ್ತೀನಿ.” ಸೊಂಟದಿಂದ ಗೊಂಚಲು ತೆಗೆದು ಕೊಟ್ಟೆ. ಅಪ್ಪ ಇದ್ದಿದ್ದರೆ ಕೊಡುತ್ತಿರಲಿಲ್ಲ. ನಾನೂ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅವ್ವ ಅಲ್ಲವೇ, ಅಂತ ಕೊಟ್ಟೆ.

ಮರುದಿನ ದಸಮಿ. ಅವ್ವ ಬನ್ನಿ ಕೊಡಲು ಕಂಪ್ಲಿಯ ಚಿಗವ್ವನ ಮನೆಗೆ ಹೋದಳು. ಅಂಗಡಿಗೆ ಬಾಗಿಲು.

ಅದರ ಮರುದಿನ ಬೆಳಿಗ್ಗೆ ಬಂದು ತೋಟಾ ಎಣಿಸಿದೆ. ಒಂದು ಕಡಿಮೆ. ಮತ್ತೆ ಎಣಿಸಿದೆ. ಪೆಟ್ಟಿಗೆಗಳನ್ನೆಲ್ಲ ಹೊರಗಿಟ್ಟು, ಬೀರುವಿನ ತಳಕ್ಕೆ ಟಾರ್ಚು ಬಿಟ್ಟು, ಹಬ್ಬದ ಕಸವನ್ನೂ ಬೆರಳಲ್ಲಿ ಕೆದಕಿ ನೋಡಿದೆ. ಒಡೆದ ಕುಂಬಳಕಾಯಿಯ ಬೀಜ ಸಿಕ್ಕಿದವು, ತೋಟಾ ಸಿಗಲಿಲ್ಲ. ತಪಾಸಣೆಯವರು ಇವತ್ತೇ ಬರಬಹುದು, ನಾಳೆ ಬರಬಹುದು. ಒಂದು ತೋಟಾಕ್ಕೆ ನಲವತ್ತು ವರ್ಷದ ಅಂಗಡಿ ಹೋಗುತ್ತದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಕಾಕಾ ಬಂದವರು ನನ್ನ ಮುಖ ನೋಡಿ ವಿಷಯ ತಿಳಿದುಕೊಂಡರು. “ಒಂದು ತೋಟಾ ತಾನ? ಗುರ್ತಿನವರ ಕಡೆ ಅದಾವು. ಒಂದು ಇಸ್ಕೊಂಡು ಬರ್ತೀನಿ, ಭರ್ತಿ ಮಾಡಿಬಿಡು. ಯಾರಿಗಿ ಗೊತ್ತಾಗ್ತೈತಿ?”

“ನನಗ ಗೊತ್ತಾಗ್ತೈತಲ್ರಿ.”

“ಹುಚ್ಚಿ, ಲೈಸೆನ್ಸ್ ಹೋಗ್ತೈತಿ!”

“ಹೋಗ್ಲಿ ಕಾಕಾ. ಎಣಿಕಿ ಕೂಡತೈತಿ ಖರೆ, ಕಳದ ತೋಟಾ ಎಲ್ಲಿ ಬಿದ್ದೈತಿ? ಯಾರ ಕೈಯಾಗ ಐತಿ? ಅದನ್ನ ಯಾರು ಭರ್ತಿ ಮಾಡ್ತಾರ?”

ಅವ್ವನಿಗೆ ಫೋನು ಮಾಡಿ ಕೇಳಬೇಕು ಅನಿಸಿತ್ತು. ಅವಳಿಗೆ ಬಿ.ಪಿ., ಊರಿಗೆ ಹೋದಲ್ಲಿ ಗಾಬರಿ ಯಾಕೆ ಅಂತ ಬಿಟ್ಟೆ. ಆ ಒಂದು ಮಾತು ಕೇಳಿದ್ದರೆ! ಕೇಳಬೇಕಾದವರನ್ನು ಬಿಟ್ಟು ಕಸದ ಬುಟ್ಟಿಯನ್ನು ಕೇಳುತ್ತ ಕುಳಿತಿದ್ದೆ. ಕೊನೆಗೆ ಕಾಗದ ತೆಗೆದು, ಒಂದು ತೋಟಾ ಕಾಣೆಯಾಗಿದೆ ಎಂದು ಠಾಣೆಗೆ ಬರೆಯಲು ಶುರುಮಾಡಿದೆ. ಎರಡು ಸಾಲು ಬರೆದಿರಬೇಕು, ಹುಲುಗಪ್ಪ ಒಳಗೆ ಬಂದ. ಕಣ್ಣು ಕೆಂಪಾಗಿದ್ದವು. ಹಬ್ಬದ ಎರಡು ರಾತ್ರಿ ಹೊಲ ಕಾಯ್ದಿದ್ದನಂತೆ.

“ಇವತ್ತು ಕೊಡ್ತೀನಿ ಅಂದಿದ್ರಿ ಅಕ್ಕಾರ.”

ಅವನ ಕಾಗದಗಳೆಲ್ಲ ಸರಿಯಾಗಿದ್ದವು. ಎರಡೂ ಕಚೇರಿಯಿಂದ ಖಾತ್ರಿ ಬಂದಿತ್ತು. ನಾನು ಪೆನ್ನು ಹಿಡಿದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಕಾಕಾ, ನಾನು ಬೆಳಿಗ್ಗೆಯೇ ತೆರೆದಿದ್ದ ಬೀರುವಿನಿಂದ ಅವನ ಬಂದೂಕು ತೆಗೆದು ಕೌಂಟರಿನ ಮೇಲಿಂದ ಚಾಚಿಬಿಟ್ಟರು. “ತಗೋ ತಮ್ಮಾ. ಖಾಲಿ ಐತಿ. ಭಾರ ನೋಡು, ಬಂತೇನು ಕೈಗೆ?”

ನಮ್ಮ ಗಿರಾಕಿಗಳಿಗೆ ಒಂದು ಚಟವಿದೆ. ಬಂದೂಕು ಕೈಗೆ ಬಂದರೆ ಸಾಕು, ಹೆಗಲಿಗೇರಿಸಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದು ಕುದುರೆ, ಅಂದರೆ ಟ್ರಿಗರ್, ಎಳೆಯುತ್ತಾರೆ. ‘ಕಟ್’ ಅಂತ ಸಪ್ಪಳ ಕೇಳಿದರೆ ಮಾಲು ಛಲೋ ಅಂತ ಲೆಕ್ಕ. ಆ ಕ್ಯಾಲೆಂಡರಿನ ಹಿಂದೆ ಒಂದಿಟ್ಟಿಗೆಯ ಗೋಡೆ, ಅದರಾಚೆ ಹೊಲಿಗೆ ಅಂಗಡಿ. ಮೂವರು ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆವರೆಗೆ ಮಿಷಿನ್ ತುಳಿಯುತ್ತಿರುತ್ತಾರೆ. ಹುಲುಗಪ್ಪ ಕೈ ಚಾಚಿದ.

“ಕಾಕಾ, ಕೈ ಬದ್ಲಾತು. ನಡ ಮುರೀರಿ,” ಅಂದೆ.

“ಹಬ್ಬದ ಹಿಂದಿನ ದಿನ ನಾನಾ ನೋಡಿ ಇಟ್ಟೀನಿ.”

“ಮುರೀರಿ.”

“ನನ್ನ ಮಾತಿನ ಮ್ಯಾಲೂ ನಂಬಿಕಿ ಇಲ್ಲೇನ್ ನಿನಗ? ಎತ್ತಿ ಆಡಿಸಿದವ ನಾನು!”

ಗಿರಾಕಿಯ ಮುಂದೆ ಹಿರಿಯರಿಗೆ ಅವಮಾನವಾಗುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಆದರೂ ಸುಮ್ಮನಾಗಲಿಲ್ಲ, ಕೌಂಟರ್ ಸುತ್ತಿ ಹೋಗಿ, ಅವರ ಕೈಯಿಂದ ಬಂದೂಕು ತೆಗೆದುಕೊಂಡು, ಬಾಯಿ ನೆಲದ ಕಡೆ ಮಾಡಿ ಹಿಡಿ ಸರಿಸಿದೆ. ನಡು ಬಾಗಿತು. ನಳಿಗೆಯೊಳಗೆ ತೋಟಾದ ಹಿತ್ತಾಳೆಯ ತಳ ಹೊಳೆಯುತ್ತಿತ್ತು. ಅದರ ಮೇಲೆ, ನಟ್ಟ ನಡುವೆ, ಒಂದು ಚುಕ್ಕೆ ಕುಂಕುಮ.

ಗೋಡೆಯಾಚೆ ಹೊಲಿಗೆ ಮಿಷಿನ್ನುಗಳು ಟಕಟಕ ಅನ್ನುತ್ತಲೇ ಇದ್ದವು. ಕಾಕಾ ಸ್ಟೂಲು ಎಳೆದುಕೊಂಡು ಕುಳಿತರು. ಕುಂಕುಮ ಕಂಡ ಕೂಡಲೇ ನನಗೆ ಎಲ್ಲ ಅರ್ಥವಾಗಿತ್ತು. ತೋಟಾ ತೆಗೆದು ಬೇರೆ ಇಟ್ಟು ಕಂಪ್ಲಿಗೆ ಫೋನು ಮಾಡಿದೆ.

“ಅವ್ವಾ, ಪೂಜಿ ದಿನ ಒಂದು ತೋಟಾ...”

“ಹೌದವಾ, ನಾನಾ ಇಟ್ಟೀನಿ,” ಅಂದಳು ಅವ್ವ, ಡಬ್ಬಿಗೆ ಅಕ್ಕಿ ಹಾಕಿದ್ದನ್ನು ಹೇಳುವಷ್ಟೇ ಸಮಾಧಾನದಿಂದ. “ಎಲ್ಲಾನೂ ನೀನು ನಡ ಮುರದು ಇಟ್ಟಿದ್ದಿ. ಮುರದದ್ದು ದೇವರ ಮುಂದ ಇಡಬಾರ್ದು ಅಂತ ಮುಚ್ಚಿದೆ. ಸಾಲಿನ ನಡುವ ಇಟ್ಟ ಒಂದಕ್ಕಾದ್ರೂ ತುಂಬೋಣು ಅಂತ ತುಂಬಿದೆ. ಬರಿದು ಇಡಬಾರ್ದವಾ. ಈ ವರ್ಷ ಮನಿಯಾಗ ಮೊದ್ಲ ಬರಿದಾಗೇತಿ.”

ಬೈಯಬೇಕೆಂದು ಹಿಡಿದ ಫೋನು. ನಿಂತಲ್ಲೇ ಅತ್ತುಬಿಟ್ಟೆ. ಅಪ್ಪ ಹೋದ ದಿನ ಸಹ ಹಾಗೆ ಅತ್ತಿರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಬರೆಯುತ್ತಿದ್ದ ಕಾಗದ ಹರಿದು ಬೇರೆ ಬರೆದೆ. ಕೀಲಿಕೈ ಕೊಟ್ಟವಳು ನಾನು. ಪಟ್ಟಿಯಲ್ಲಿ ಇಲ್ಲದವರ ಕೈಗೆ ಕೊಟ್ಟೆ. ತುಂಬಿದ ಬಂದೂಕು ಎರಡು ದಿನ ನನ್ನ ಬೀರುವಿನಲ್ಲಿತ್ತು. ಇಷ್ಟನ್ನೂ ರಿಜಿಸ್ಟರಿನಲ್ಲೂ ಬರೆದೆ. ಕಾಕಾ ಈ ಸಲ ತಡೆಯಲಿಲ್ಲ. ಹುಲುಗಪ್ಪನ ಕಡೆ ತಿರುಗಿ, “ನೀನು ನೋಡೀದಿ. ಸಾಕ್ಷಿ ಸಹಿ ಹಾಕು. ಇದೆಲ್ಲಾ ಮುಗಿಯೋ ಮಟ ತುಪಾಕಿ ಕೊಡಂಗಿಲ್ಲ. ಬೇಕಂದ್ರ ಬ್ಯಾರೆ ಅಂಗಡಿಗಿ ಹೋಗು, ನಾ ಏನೂ ಅನ್ನಂಗಿಲ್ಲ,” ಅಂದೆ.

ಅವನು ಕ್ಯಾಲೆಂಡರನ್ನೇ ನೋಡುತ್ತಿದ್ದ. “ನಾ ಎಳೀತಿದ್ದೆ ಅಕ್ಕಾರ,” ಅಂದ. “ಕುದುರಿ ಎಳದೇ ಎಳೀತಿದ್ದೆ.” ಸಹಿ ಹಾಕಿದ. ಹೋಗುವಾಗ ಬಾಗಿಲಲ್ಲಿ ನಿಂತು, “ಹಂದಿಗೆ ತಗಡು ಬಡೀತೀನಿ ಬಿಡ್ರಿ. ತಗೊಂಡ್ರ ಇಲ್ಲೇ ತಗೋತೀನಿ,” ಅಂದ.

ಅಧಿಕಾರಿಗಳು ನಾಲ್ಕನೇ ದಿನ ಬಂದರು. ರಿಜಿಸ್ಟರಿನ ಆ ಪುಟವನ್ನು ಎರಡು ಸಲ ಓದಿದರು.

“ಇದನ್ನ ನೀವಾ ಬರದೀರೇನಮ್ಮ?”

“ಹೌದ್ರಿ ಸರ್.”

“ಬರೀದಿದ್ರ ನಮಗ ಗೊತ್ತಾಗ್ತಿರಲಿಲ್ಲ.”

“ಗೊತ್ರಿ ಸರ್.”

ನೋಟಿಸ್ ಕೊಟ್ಟರು. ಉತ್ತರ ಒಪ್ಪುವವರೆಗೆ ಮಾರಾಟ ಬಂದ್. ಕರುಣೆ ತೋರಿಸಲಿಲ್ಲ, ತೋರಿಸಬೇಕಾಗಿಯೂ ಇರಲಿಲ್ಲ. ಮೂರು ವಾರ ದಿನಾ ಬೆಳಿಗ್ಗೆ ಅಂಗಡಿ ತೆಗೆದು, ಕಸ ಗುಡಿಸಿ, ಬರೇ ಕೈಯಲ್ಲಿ ಕುಳಿತೆ. ಪೇಟೆಯವರು ಆಡಿಕೊಂಡರು. ಆಡಿಕೊಳ್ಳಲಿ ಅಂದುಕೊಂಡೆ. ಆ ಮೂರು ವಾರದಲ್ಲಿ ತೋಟಾದ ಬೀರುವಿಗೆ ಎರಡು ಬೀಗ ಹಾಕಿಸಿದೆ. ಒಂದರ ಕೀಲಿಕೈ ನನ್ನ ಹತ್ತಿರ, ಇನ್ನೊಂದು ಕಾಕಾನ ಹತ್ತಿರ. ಒಬ್ಬರೇ ತೆಗೆಯಲಾಗದು, ನಾನೂ ಸೇರಿ. ಪಂಪ್‌ಸೆಟ್ಟಿನ ಮಾತು ಕಾಕಾ ಮತ್ತೆ ಎತ್ತಲಿಲ್ಲ. ಕೊನೆಗೆ ಎಚ್ಚರಿಕೆಯ ಕಾಗದದೊಂದಿಗೆ ಲೈಸೆನ್ಸ್ ಉಳಿಯಿತು. ಆ ಕಾಗದಕ್ಕೆ ಕಟ್ಟು ಹಾಕಿಸಿ, ಕ್ಯಾಲೆಂಡರಿದ್ದ ಜಾಗದಲ್ಲೇ ತೂಗುಹಾಕಿದ್ದೇನೆ. ಹುಲುಗಪ್ಪ ಬಂದು ತನ್ನ ಬಂದೂಕು ಒಯ್ದ. ಅಷ್ಟು ಹೊತ್ತಿಗೆ ಅವನ ಹೊಲದಲ್ಲಿ ಒಂದು ಮೂಲೆಯ ತೆನೆ ಹಂದಿಯ ಪಾಲಾಗಿತ್ತು. ಅದು ನನ್ನ ತಪ್ಪಿನ ಲೆಕ್ಕಕ್ಕೇ ಸೇರಬೇಕು.

ಮರುವರ್ಷದ ನವಮಿಗೆ ಅವ್ವ ಮತ್ತೆ ಬಂದಳು. ಬರಬೇಡ ಅನ್ನಲು ನನಗೆ ಮನಸ್ಸಿರಲಿಲ್ಲ; ಕೀಲಿಕೈ ಮಾತ್ರ ಸೊಂಟ ಬಿಟ್ಟು ಕದಲಲಿಲ್ಲ. ನಾನು ಬಂದೂಕುಗಳನ್ನು ಒಂದೊಂದೇ ತೆರೆದು ಹಾಸಿದ ಬಟ್ಟೆಯ ಮೇಲೆ ಇಡುತ್ತಿದ್ದೆ. ಅವ್ವ ಬಹಳ ಹೊತ್ತು ಅವನ್ನೇ ನೋಡಿದಳು. ಆಮೇಲೆ ಬುಟ್ಟಿಯಿಂದ ಒಂದು ಚೆಂಡುಹೂ ತೆಗೆದು, ಅದರ ತೊಟ್ಟನ್ನು ತೆರೆದ ನಳಿಗೆಯ ಹಿಂಬದಿಯ ತೂತಿಗೆ ಸಿಕ್ಕಿಸಿದಳು. ಹೂ ಹೊರಗೆ ಅರಳಿಕೊಂಡು ನಿಂತಿತು. ಅದು ಇರುವವರೆಗೆ ಬಂದೂಕು ಮುಚ್ಚಲೂ ಬರುವುದಿಲ್ಲ, ತುಂಬಲೂ ಬರುವುದಿಲ್ಲ.

“ಈಗ ಬರಿದಲ್ಲ,” ಅಂದಳು. “ಮುರದದ್ದೂ ಅಲ್ಲ, ತೆರದೈತಿ ಅಷ್ಟ.”

ಅಂದಿನಿಂದ ನಮ್ಮ ಅಂಗಡಿಯಲ್ಲಿ ಯಾರೂ ‘ನಡ ಮುರಿ’ ಅನ್ನುವುದಿಲ್ಲ. ‘ತೆರದು ತೋರ್ಸ್ರಿ’ ಅನ್ನುತ್ತೇವೆ.

ಆ ಹಬ್ಬ ಕಳೆದು ವಾರಕ್ಕೆ ಹುಲುಗಪ್ಪ ಎಣ್ಣೆ, ತೋಟಾ ಕೊಳ್ಳಲು ಬಂದ. ಬಂದೂಕೂ ತಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಅದರ ಬಾಯಿ ನೆಲಕ್ಕೆ ಮಾಡಿ, ತೆರೆದು, ನನ್ನ ಕಡೆ ಹಿಡಿದ. ಒಳಗಿನಿಂದ ಒಣಗಿದ ಚೆಂಡುಹೂವಿನ ಎಸಳೊಂದು ಕೌಂಟರಿನ ಮೇಲೆ ಉದುರಿತು.

“ದಸಮಿ ದಿನ ಬನ್ನಿ ಕೊಡುವಾಗ ನಿಮ್ಮ ಕಾಕಾರು ಹೂವಿನ ಸುದ್ದಿ ಹೇಳಿದ್ರು, ನಾ ಮನ್ಯಾಗ ಹೇಳಿದ್ದೆ. ನಿಮ್ಮ ಅವ್ವಾರು ಮಾಡಿದಂಗ ನಮ್ಮವ್ವನೂ ಮಾಡ್ಯಾಳ್ರಿ,” ಅಂದ ನಾಚಿಕೊಂಡು.

“ಎಸಳು ಒಳಗ ಉಳದ್ರ ನಳಗಿ ಸಿಡೀತೈತಿ. ಹೂ ತಗದ ಮ್ಯಾಲೆ ಗಜ ಹಾಕಿ ಒರಸ್ಬೇಕು ಅಂತ ಹೇಳು ಅವ್ವಗ,” ಅಂದೆ ಬಿಗಿಯಾಗಿ. ಬಟ್ಟೆ ಸುತ್ತಿದ ಉದ್ದನೆಯ ಕೋಲು, ಆ ಗಜ ತೆಗೆದು ನಾನೇ ನಳಿಗೆ ಒರೆಸಿ, ಕಣ್ಣಿಗೆ ಹಿಡಿದು ಬಾಗಿಲ ಕಡೆ ನೋಡಿದೆ. ಆಚೆ ತುದಿಯಲ್ಲಿ ಬೀದಿ ಸ್ವಚ್ಛವಾಗಿ ಕಾಣುತ್ತಿತ್ತು. ಎಸಳನ್ನು ಮಾತ್ರ ಎಸೆಯಲಿಲ್ಲ. ರಿಜಿಸ್ಟರಿನ ಆ ಪುಟದಲ್ಲಿ ಈಗಲೂ ಇದೆ.